ವೈದ್ಯರಾದ ಡೆನಿಸ್ ಬರ್ಕಿಟ್ಟರ ಚರಿತ್ರೆ

ಐರ್ಲೆಂಡ್ ದ್ವೀಪದ ಉತ್ತರ ಭಾಗದಲ್ಲಿ ಎನಿಸ್ಕಿಲನ್ ಎಂಬ ಊರುಂಟು. ಡೆನಿಸ್ ಬರ್ಕಿಟ್ಟರು 1911ನೆಯ ಇಸವಿ ಫೆಬ್ರವರಿ 28ರಂದು ಅಲ್ಲಿ ಹುಟ್ಟಿದರು. ಮನೆಯವರು ಪ್ರೊಟೆಸ್ಟಂಟ್ ಸಭೆಯ ದೈವಭಕ್ತರು. ತಂದೆಯು ಆ ಜಿಲ್ಲೆಯ ರಸ್ತೆ ಸೇತುವೆಗಳನ್ನು ನೋಡಿಕೊಳ್ಳುವ ಇಂಜಿನಿಯರು. ಬಿಡುವಿನಲ್ಲಿ ಅವರು ರಾಬಿನ್ ಎಂಬ ಚಿಕ್ಕ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿಯ ಸೀಮೆ ಎಲ್ಲಿಂದ ಎಲ್ಲಿಯ ವರೆಗೆ ಎಂದು ನಕ್ಷೆ ಬರೆಯುತ್ತಿದ್ದರು. ಮಗನೂ ಮುಂದೆ ನಕ್ಷೆ ಬರೆಯುವವನೇ ಆದನು, ಆದರೆ ಹಕ್ಕಿಗಳದ್ದಲ್ಲ, ರೋಗಗಳದ್ದು.

ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಕಲ್ಲೇಟು ಬಿದ್ದು ಇವರ ಒಂದು ಕಣ್ಣು ಹೋಯಿತು. 1929ರಲ್ಲಿ ತಂದೆಯ ವಿದ್ಯೆಯನ್ನೇ ಕಲಿಯಲಿಕ್ಕೆ ಡಬ್ಲಿನ್ ಪಟ್ಟಣದ ಟ್ರಿನಿಟಿ ಕಾಲೇಜಿಗೆ ಸೇರಿದರು. ಅಲ್ಲಿ ಪ್ರಾರ್ಥನೆಗಾಗಿ ಕೂಡುತ್ತಿದ್ದ ಕೆಲವು ವಿದ್ಯಾರ್ಥಿಗಳ ಸಹವಾಸದಿಂದ ಇವರಲ್ಲಿ ಜೀವವುಳ್ಳ ನಂಬಿಕೆ ಹುಟ್ಟಿತು. ತನ್ನ ಜೀವಮಾನವನ್ನು ಕರ್ತನು ಯಾವುದಕ್ಕೆ ಬಳಸುವನೋ ಎಂದು ವಿಚಾರಿಸಿ, ಇಂಜಿನಿಯರಿಂಗ್ ಬಿಟ್ಟು ವೈದ್ಯವಿದ್ಯೆಯನ್ನು ಹಿಡಿದರು. 1935ರಲ್ಲಿ ಪದವಿಯಾಯಿತು, 1938ರಲ್ಲಿ ಶಸ್ತ್ರವೈದ್ಯರಾದರು. ಆಫ್ರಿಕಾ ಖಂಡದ ಸರಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ಒಂಟಿಕಣ್ಣಿನ ಶಸ್ತ್ರವೈದ್ಯನು ಬೇಡವೆಂದು ತಳ್ಳಿಬಿಟ್ಟರು. ಆದರೆ ಮಹಾಯುದ್ಧದ ಕಾಲದಲ್ಲಿ ಸೈನ್ಯದವರು ಕಣ್ಣುಗಳನ್ನು ಎಣಿಸುತ್ತಾ ಕೂಡ್ರಲಿಲ್ಲ. ಸೈನ್ಯದ ವೈದ್ಯರಾಗಿಯೇ ಇವರು ಪೂರ್ವ ಆಫ್ರಿಕವನ್ನು ಕಂಡರು. 1943ರಲ್ಲಿ ಆಲಿವ್ ಎಂಬವರನ್ನು ವಿವಾಹವಾದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಉಗಾಂಡ ದೇಶದ ಲಿರಾ ಎಂಬ ಊರಿನ ಆಸ್ಪತ್ರೆಗೆ ನೇಮಕವಾಯಿತು.

ಲಿರಾ ಇರುವುದು ಲಾಂಗೋ ಜನರ ಸೀಮೆಯಲ್ಲಿ. ಅವರ ಮುಖ್ಯ ಧಾನ್ಯ ಯಾವುದೆಂದು ಕೇಳಿದರೆ ನಮ್ಮ ವಾಚಕರು ಆಶ್ಚರ್ಯಪಡುವರು. ಅದು ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಬಹು ಪೂರ್ವಕಾಲದಲ್ಲಿ ಅದು ಅಲ್ಲಿಂದ ಸಮುದ್ರ ದಾಟಿ ನಮ್ಮ ಹೊಲಗಳಿಗೆ ಬಂದಿತು. ಬರ್ಕಿಟ್ಟರ ರೋಗಿಗಳು ಉಣ್ಣುತ್ತಿದ್ದದ್ದು ನಮ್ಮ ಮೈಸೂರು ಸೀಮೆಯ ಬಡವನು ಉಣ್ಣುವ ಧಾನ್ಯವನ್ನೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಲಿರಾದಲ್ಲಿ ಇವರು ಒಂದು ಸಂಗತಿಯನ್ನು ಗಮನಿಸಿದರು. ಗಂಡಸರಿಗೆ ಬರುವ ಬುಡ್ಡೆರೋಗವು ಜಿಲ್ಲೆಯ ಒಂದು ಕಡೆಯಲ್ಲಿ ಹೇರಳ, ಮತ್ತೊಂದು ಕಡೆಯಲ್ಲಿ ಅಪರೂಪ. ಅಂದಿನಿಂದ ಯಾವ ರೋಗವನ್ನು ಕಂಡರೂ ಇದನ್ನು ಹೇಗೆ ಕೊಯ್ಯಲಿ ಎಂಬ ಪ್ರಶ್ನೆಯೊಡನೆ, ಇದು ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬ ಪ್ರಶ್ನೆಯನ್ನೂ ಕೇಳುವವರಾದರು. ಇವರ ಮುಂದಿನ ಕೆಲಸವೆಲ್ಲಾ ಈ ಎರಡನೆಯ ಪ್ರಶ್ನೆಯಿಂದ ಹುಟ್ಟಿತು.

1948ರಲ್ಲಿ ಇವರನ್ನು ಕಂಪಾಲ ಪಟ್ಟಣದ ಮುಲಾಗೊ ಆಸ್ಪತ್ರೆಗೆ ಕರೆಯಿಸಿಕೊಂಡರು. 1957ರಲ್ಲಿ ಒಂದು ದಿನ ಜೊತೆಯ ವೈದ್ಯರಾದ ಹ್ಯೂ ಟ್ರೋವೆಲ್ಲರು ಒಬ್ಬ ಚಿಕ್ಕ ಹುಡುಗನನ್ನು ತೋರಿಸಿದರು. ಅವನ ಮೇಲ್ದವಡೆ ಕೆಳದವಡೆಗಳು ಎರಡೂ ಪಕ್ಕದಲ್ಲಿ ಊದಿಕೊಂಡು ಮುಖವು ಗುರುತು ಸಿಕ್ಕದಂತಾಗಿತ್ತು. ಕೆಲವು ವಾರಗಳ ತರುವಾಯ ನೈಲ್ ನದಿಯ ತೀರದ ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದಾಗ, ಕಿಟಕಿಯಿಂದ ಹೊರಗೆ ನೋಡಿ ಅದೇ ತರದ ಮುಖವುಳ್ಳ ಇನ್ನೊಂದು ಮಗುವನ್ನು ಕಂಡರು. ಒಂದನ್ನು ವಿಚಿತ್ರವೆಂದು ಬಿಟ್ಟುಬಿಡಬಹುದು, ಎರಡನ್ನು ಬಿಡಲಾಗದು. ಹಳೆಯ ದಾಖಲೆಗಳನ್ನು ಹುಡುಕಿದಾಗ, ಬೇರೆ ಬೇರೆ ಹೆಸರುಗಳಿಂದ ಬರೆಯಲ್ಪಟ್ಟಿದ್ದ ಅನೇಕ ಮಕ್ಕಳ ಗಡ್ಡೆಗಳು ಒಂದೇ ಕ್ಯಾನ್ಸರ್ ರೋಗವೆಂದು ತಿಳಿದುಬಂತು. 1961ರಲ್ಲಿ ಇವರು ಹಳೆಯ ಮೋಟಾರು ಗಾಡಿಯೊಂದನ್ನು ಕೊಂಡು, ಇಬ್ಬರು ವೈದ್ಯಮಿತ್ರರೊಡನೆ ಉಗಾಂಡದಿಂದ ದಕ್ಷಿಣ ಆಫ್ರಿಕದ ವರೆಗೂ ಹತ್ತು ವಾರಗಳಲ್ಲಿ ಸುಮಾರು 10,000 ಮೈಲು ಸಂಚರಿಸಿ, 57 ಆಸ್ಪತ್ರೆಗಳಲ್ಲಿ ಮಕ್ಕಳ ಚಿತ್ರಗಳನ್ನು ತೋರಿಸಿ, ಇಂಥದ್ದನ್ನು ಕಂಡಿದ್ದೀರಾ ಎಂದು ವಿಚಾರಿಸಿದರು. ಅವುಗಳಲ್ಲಿ ಅನೇಕವು ಮಿಷನ್ ಆಸ್ಪತ್ರೆಗಳು. ಬೆಚ್ಚಗಾದ, ಮಳೆಯುಳ್ಳ ಸೀಮೆಗಳಲ್ಲಿ ರೋಗವುಂಟು, ಎತ್ತರವಾದ ಚಳಿಯ ಸೀಮೆಗಳಲ್ಲಿಲ್ಲ ಎಂದು ನಕ್ಷೆಯಲ್ಲಿ ಕಾಣಿಸಿತು. ಮಲೇರಿಯ ಜ್ವರದ ಸೀಮೆಯೂ ಅದೇ. 1964ರಲ್ಲಿ ಎಪ್ಸ್ಟೈನ್ ಎಂಬ ಪಂಡಿತರೂ ಅವರ ಸಂಗಡಿಗರೂ ಆ ಗಡ್ಡೆಯಲ್ಲಿ ಒಂದು ವೈರಸನ್ನು ಕಂಡುಹಿಡಿದರು. ಕತ್ತಿಗೆ ಬಗ್ಗದ ಈ ಗಡ್ಡೆಗಳು ಔಷಧಿಗಳಿಗೆ ಕರಗುವುದನ್ನು ಬರ್ಕಿಟ್ಟರು ತಾವೇ ಮಕ್ಕಳಿಗೆ ಕೊಟ್ಟು ನೋಡಿ ತೋರಿಸಿದರು. ಈ ರೋಗಕ್ಕೆ ಈಗಲೂ ಇವರದೇ ಹೆಸರು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಆಹಾರದ ಮಾತಿಗಾಗಿ ಲೋಕವು ನೆನಪಿಡುವ ಈ ಮನುಷ್ಯನು ಮೊದಲು ಕಂಡುಹಿಡಿದ ಕ್ಯಾನ್ಸರ್ ಆಹಾರದಿಂದ ಬಂದುದಲ್ಲ. ಆ ಮಕ್ಕಳು ರಾಗಿ, ಬಾಳೆ, ಗೆಣಸು ತಿಂದು ಬೆಳೆದವರೇ. ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ, ಹಲವು ರೋಗಗಳಿಗೆ ಇಟ್ಟ ಒಂದು ಹೆಸರು.

1966ರಲ್ಲಿ ಉಗಾಂಡ ಬಿಟ್ಟು ಇಂಗ್ಲೆಂಡಿಗೆ ಬಂದ ಮೇಲೆ, 1967ರಲ್ಲಿ ಇವರಿಗೆ ಕ್ಲೀವ್ ಎಂಬವರ ಪರಿಚಯವಾಯಿತು. ಇವರು ನೌಕಾದಳದ ವೈದ್ಯರಾಗಿದ್ದವರು. ಬಿಳಿಯ ಹಿಟ್ಟು ಮತ್ತು ಸಕ್ಕರೆಯೇ ಪಶ್ಚಿಮ ದೇಶಗಳ ಅನೇಕ ರೋಗಗಳಿಗೆ ಬೇರೆಂದು ಕ್ಲೀವರು ವಾದಿಸುತ್ತಿದ್ದರು, ಕೇಳುವವರು ಕಡಿಮೆ. ಬರ್ಕಿಟ್ಟರಿಗಾದರೋ ಕೂಡಲೇ ತಮ್ಮ ಇಪ್ಪತ್ತು ವರ್ಷಗಳ ಅನುಭವವು ಕಣ್ಣೆದುರಿಗೆ ಬಂದು ನಿಂತಿತು. ಲಂಡನಿನ ಆಸ್ಪತ್ರೆಗಳಲ್ಲಿ ದಿನವೂ ಕಾಣುವ ಅಪೆಂಡಿಸೈಟಿಸ್, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ದೊಡ್ಡ ಕರುಳಿನ ಕ್ಯಾನ್ಸರ್, ಇವುಗಳನ್ನು ಆಫ್ರಿಕದ ಹಳ್ಳಿಗರಲ್ಲಿ ತಾವು ಕಂಡದ್ದು ಎಷ್ಟು ಅಪರೂಪ! ಆದರೆ ಅನುಭವವು ಸಾಕ್ಷಿಯಾಗಬೇಕಾದರೆ ಎಣಿಕೆ ಬೇಕು. ಆಫ್ರಿಕ ಏಷ್ಯಗಳ ನೂರಕ್ಕೂ ಮಿಕ್ಕಿದ ಆಸ್ಪತ್ರೆಗಳಿಗೆ ಪ್ರಶ್ನೆಗಳನ್ನು ಕಳುಹಿಸಿ, ತಿಂಗಳು ತಿಂಗಳು ಬಂದ ಉತ್ತರಗಳನ್ನು ಕೂಡಿಸಿದರು. ಅವನ್ನು ಬರೆದವರಲ್ಲಿ ಬಹುಮಂದಿ ನಮ್ಮ ಹಳ್ಳಿಗಳಲ್ಲಿ ಕೆಲಸಮಾಡಿದಂಥ ಮಿಷನ್ ವೈದ್ಯರೇ.

ಮುಂದಿನ ಮಾತಿಗೆ ನಮ್ಮ ಸಹೋದರಿಯರು ಕ್ಷಮಿಸಬೇಕು. ರೋಗದ ವಿಷಯದಲ್ಲಿ ನಾಚಿಕೆಯು ಅನೇಕರನ್ನು ಕೊಂದಿದೆ. ಬರ್ಕಿಟ್ಟರು ನಾಚದೆ ಮಲವನ್ನೇ ತೂಗಿದರು. ಜೊತೆಗಾರರಾದ ವಾಕರ್ ಮತ್ತು ಪೇಂಟರ್ ಎಂಬವರೊಡನೆ 1972ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಉಗಾಂಡದ ಹಳ್ಳಿಗನ ದಿನದ ಮಲವು 400 ಗ್ರಾಮಿಗೂ ಹೆಚ್ಚು. ಇಂಗ್ಲಿಷ್ ನಾವಿಕನದು 100 ಗ್ರಾಮಿನ ಸುಮಾರು. ಹಳ್ಳಿಗನು ಉಂಡದ್ದು ಒಂದೂವರೆ ದಿನದಲ್ಲಿ ಹೊರಗೆ ಬೀಳುತ್ತಿತ್ತು. ನಾವಿಕನದು ಮೂರು ದಿನ ಕಳೆದರೂ ಒಳಗೇ ಇರುತ್ತಿತ್ತು. ಕಾರಣವೇನೆಂದರೆ, ಗಿರಣಿಯು ಧಾನ್ಯದ ಹೊರಗಿನ ಸಿಪ್ಪೆಯನ್ನೂ ಮೊಳಕೆಯನ್ನೂ ತೆಗೆದು ನುಣುಪಾದ ತಿರುಳನ್ನು ಮಾತ್ರ ಉಳಿಸುತ್ತದೆ. ಸಿಪ್ಪೆಯೊಡನೆ ನಾರು ಹೋಗುತ್ತದೆ. ನಾರು ನೀರನ್ನು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡಿ ಮುಂದಕ್ಕೆ ನೂಕುವುದು. ಅದಿಲ್ಲದಿದ್ದರೆ ಕೆಡುಕಿನ ಪದಾರ್ಥಗಳು ಬಹಳ ಹೊತ್ತು ಕರುಳಿನ ಗೋಡೆಗೆ ತಗಲಿಕೊಂಡಿರುವವು ಎಂದು ಇವರು ಎಣಿಸಿದರು. ಈಗಿನ ಪಂಡಿತರು ಇದಕ್ಕೆ ಇನ್ನೊಂದನ್ನು ಕೂಡಿಸುತ್ತಾರೆ: ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ, ಕರುಳಿನ ಒಳಪೊರೆಗೆ ಆಹಾರವಾಗುವ ಬ್ಯುಟಿರೇಟ್ ಎಂಬ ವಸ್ತುವನ್ನು ಮಾಡುವವು.

ಆಫ್ರಿಕದವರ ಜನಾಂಗವೇ ಬೇರೆ, ಅದರಿಂದ ರೋಗವಿಲ್ಲ ಎಂದು ಕೆಲವರು ಆಕ್ಷೇಪಿಸಿದರು. ಬರ್ಕಿಟ್ಟರು ಅಮೆರಿಕದ ಕರಿಯ ಜನರನ್ನು ತೋರಿಸಿದರು. ಅವರ ಪಿತೃಗಳು ಆಫ್ರಿಕದವರು. ಆದರೆ ಬಿಳಿಯರ ಊಟಕ್ಕೆ ಬಂದ ಅವರಿಗೆ ಕರುಳಿನ ಕ್ಯಾನ್ಸರ್ ಬಿಳಿಯರಷ್ಟೇ ಬರುತ್ತಿತ್ತು. ಉಪನ್ಯಾಸಗಳಲ್ಲಿ ಇವರು ಒಂದು ಚಿತ್ರವನ್ನು ತೋರಿಸುತ್ತಿದ್ದರು. ನಲ್ಲಿ ತೆರೆದು ತೊಟ್ಟಿ ತುಂಬಿ ನೀರು ನೆಲಕ್ಕೆ ಹರಿಯುತ್ತಿದೆ, ವೈದ್ಯರಿಬ್ಬರು ಬಹು ಶ್ರದ್ಧೆಯಿಂದ ನೆಲ ಒರಸುತ್ತಿದ್ದಾರೆ, ನಲ್ಲಿ ನಿಲ್ಲಿಸುವವರಿಲ್ಲ. 1972ರಲ್ಲಿ ಇವರು ಲಂಡನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1979ರಲ್ಲಿ ನಾರಿನ ವಿಷಯವಾಗಿ ಸಾಮಾನ್ಯ ಜನರಿಗಾಗಿ ಬರೆದ ಪುಸ್ತಕವು ಬಹು ದೇಶಗಳಲ್ಲಿ ಓದಲ್ಪಟ್ಟಿತು.

ಇವರು ಹೇಳಿದ್ದೆಲ್ಲಾ ಸರಿಯಾಗಿತ್ತೋ? ದೈವಭಕ್ತನ ಚರಿತ್ರೆ ಬರೆಯುವವನು ಸತ್ಯವನ್ನು ಮುಚ್ಚಬಾರದು. 1999ರಲ್ಲಿ ಅಮೆರಿಕದ ದಾದಿಯರ ದೊಡ್ಡದೊಂದು ಪರಿಶೋಧನೆಯಲ್ಲಿ ನಾರಿನಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಆದರೆ 2003ರಲ್ಲಿ ಯೂರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನೋಡಿದಾಗ, ನಾರನ್ನು ಬಹಳವಾಗಿ ಉಣ್ಣುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಾಲು ಭಾಗದಷ್ಟಾದರೂ ಕಡಿಮೆಯಿತ್ತು. 2015ರಲ್ಲಿ ಅಮೆರಿಕದ ಇಪ್ಪತ್ತು ಮಂದಿ ಕರಿಯರ ಊಟವನ್ನೂ ದಕ್ಷಿಣ ಆಫ್ರಿಕದ ಇಪ್ಪತ್ತು ಮಂದಿ ಹಳ್ಳಿಗರ ಊಟವನ್ನೂ ಎರಡು ವಾರ ಅದಲುಬದಲು ಮಾಡಿ ನೋಡಿದರು. ಅಷ್ಟರಲ್ಲಿಯೇ ಅಮೆರಿಕದವರ ಕರುಳಿನ ಉರಿಯೂತ ಇಳಿಯಿತು, ಹಳ್ಳಿಗರದು ಏರಿತು. ಅದೇ ವರ್ಷ ಲೋಕಾರೋಗ್ಯ ಸಂಸ್ಥೆಯ ಕ್ಯಾನ್ಸರ್ ಮಂಡಳಿಯವರು, ಉಪ್ಪು ಹೊಗೆ ಔಷಧಿಗಳನ್ನು ಹಾಕಿ ಕೆಡದಂತೆ ಮಾಡಿದ ಮಾಂಸವು ಕರುಳಿನ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿದರು. ದಿನಕ್ಕೆ 50 ಗ್ರಾಮಿನಂತೆ ತಿಂದರೆ ಅಪಾಯವು ನೂರಕ್ಕೆ 18ರಷ್ಟು ಹೆಚ್ಚುವುದಂತೆ. ಅಂದರೆ ನೂರು ಮಂದಿಯಲ್ಲಿ ಹದಿನೆಂಟು ಮಂದಿಗೆ ರೋಗ ಬರುವುದೆಂದಲ್ಲ. ಮೊದಲೇ ಇರುವ ಚಿಕ್ಕ ಅಪಾಯವು ಅಷ್ಟು ಪಾಲು ದೊಡ್ಡದಾಗುವುದೆಂದು ಅರ್ಥ. 2018ರಲ್ಲಿ ಫ್ರಾನ್ಸ್ ದೇಶದ ಲಕ್ಷ ಜನರಲ್ಲಿ, ಕಾರ್ಖಾನೆಯಲ್ಲಿ ಬಹಳವಾಗಿ ಮಾರ್ಪಡಿಸಿದ ತಿಂಡಿ ಪಾನೀಯಗಳನ್ನು ಹೆಚ್ಚು ಸೇವಿಸುವವರಲ್ಲಿ ಕ್ಯಾನ್ಸರ್ ಹೆಚ್ಚೆಂದು ಕಂಡುಬಂತು. ಅವೇ ಕಾರಣವೋ, ಅವುಗಳ ಜೊತೆಗಿರುವ ಬೊಜ್ಜು ಮುಂತಾದದ್ದೋ ಎಂಬುದು ಆ ಲೆಕ್ಕದಿಂದ ನಿಶ್ಚಯವಾಗಲಿಲ್ಲ. ಒಟ್ಟಿನಲ್ಲಿ ಬರ್ಕಿಟ್ಟರು ಹಿಡಿದ ದಾರಿ ಸರಿಯಾದದ್ದು. ನಾರೊಂದೇ ಎಲ್ಲಕ್ಕೂ ಕೀಲಿಕೈ ಎಂದು ತಿಳಿದದ್ದು ಅತಿಯಾಯಿತೆಂದು ನಮಗೆ ತೋರುತ್ತದೆ.

ನಮ್ಮ ಸಭೆಗಳಲ್ಲಿ ಮದುವೆಯೂಟಕ್ಕೆ ರಾಗಿಮುದ್ದೆ ಇಟ್ಟರೆ ಮರ್ಯಾದೆ ಕಡಿಮೆಯೆಂದು ಎಣಿಸುವವರುಂಟು. ಮಲ್ಲಿಗೆಯಂಥ ಬಿಳಿಯ ಅನ್ನ, ಮೈದಾ ತಿಂಡಿ, ಬಣ್ಣದ ಪಾನೀಯದ ಬಾಟಲಿ, ಇವು ನೆಂಟರಿಗೆ ಗೌರವ. ಭಾನುವಾರದ ಶಾಲೆಯ ಮಕ್ಕಳ ಕೈಯಲ್ಲಿಯೂ ಪೊಟ್ಟಣವೇ. ಉಗಾಂಡದ ರಾಗಿಯುಣ್ಣುವವರ ಕರುಳನ್ನು ಲಂಡನಿನ ಪಂಡಿತರು ಮೆಚ್ಚಿದ್ದನ್ನು ನಮ್ಮ ಅಜ್ಜಿಯಂದಿರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಕೆಲವು ಉಪದೇಶಿಗಳು ಇದಕ್ಕೆ ದಾನಿಯೇಲನ ಕಾಯಿಪಲ್ಯವನ್ನು ಆಧಾರ ಕೊಡುತ್ತಾರೆ. ಅವನು ವ್ರತನಿಷ್ಠೆಗಾಗಿ ಹಾಗೆ ಉಂಡನೇ ಹೊರತು ರೋಗಕ್ಕೆ ಅಂಜಿ ಅಲ್ಲವಲ್ಲ.

ಇನ್ನೊಂದನ್ನು ಹೇಳದೆ ಇರಲಾರೆವು. ಸಭೆಯಲ್ಲಿ ಯಾರಿಗಾದರೂ ಈ ರೋಗ ಬಂದರೆ, ಏನು ತಿಂದನೋ, ಯಾವ ಪಾಪವೋ ಎಂದು ಪಿಸುಗುಟ್ಟುವುದುಂಟು. ಒಳ್ಳೆಯದನ್ನೇ ಉಂಡವರಿಗೂ ಕ್ಯಾನ್ಸರ್ ಬರುತ್ತದೆ; ಬರ್ಕಿಟ್ಟರ ಆ ದವಡೆ ಊದಿದ ಮಕ್ಕಳು ಯಾವ ಮೈದಾ ತಿಂದಿದ್ದರು? ಮುದ್ದೆ ಉಂಡು, ಅದರ ಮೇಲೆ ಹೊಗೆಸೊಪ್ಪು ಅಡಿಕೆ ಅಗಿಯುವವನ ಬಾಯಿಯನ್ನು ಯಾವ ನಾರೂ ಕಾಯದು. ಬಂದ ಕ್ಯಾನ್ಸರನ್ನು ಊಟದಿಂದ ವಾಸಿಮಾಡುವೆವೆಂದು ಬರ್ಕಿಟ್ಟರು ಎಂದೂ ಬೋಧಿಸಲಿಲ್ಲ. ಅವರು ಹೇಳಿದ್ದು ಬರುವುದಕ್ಕೆ ಮುಂಚಿನ ಮಾತು. ಮಲದಲ್ಲಿ ರಕ್ತ ಕಂಡವರು, ಮಲವಿಸರ್ಜನೆಯ ರೂಢಿ ಹಲವು ವಾರ ಕೆಟ್ಟವರು, ಮೂಲವ್ಯಾಧಿಯೇ ಇರಬೇಕೆಂದು ನಾಟಿಮದ್ದು ಮಾಡುತ್ತಾ ಕೂಡ್ರದೆ ಆಸ್ಪತ್ರೆಗೆ ಹೋಗತಕ್ಕದ್ದು. ಬೇಗನೆ ಕಂಡುಕೊಂಡ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ವಾಸಿಯಾಗುವಂಥದ್ದು.

ಬರ್ಕಿಟ್ಟರ ಹಳೆಯ ಜೊತೆಗಾರರಾದ ಟ್ರೋವೆಲ್ಲರು ವೈದ್ಯವೃತ್ತಿಯಿಂದ ನಿವೃತ್ತರಾಗಿ ಸಭಾಪಾಲಕರಾದರು. 1975ರಲ್ಲಿ ಇಬ್ಬರೂ ಕೂಡಿ ನಯಮಾಡಿದ ಹಿಟ್ಟು ಸಕ್ಕರೆಗಳನ್ನು ಕುರಿತು ವೈದ್ಯರಿಗಾಗಿ ಒಂದು ದೊಡ್ಡ ಗ್ರಂಥವನ್ನು ಹೊರತಂದರು. ಬರ್ಕಿಟ್ಟರು ಎಷ್ಟು ಪ್ರಖ್ಯಾತರಾದರೂ ಬೆಳಗಿನ ಪ್ರಾರ್ಥನೆಯನ್ನೂ ಸತ್ಯವೇದದ ವಾಚನವನ್ನೂ ಬಿಡಲಿಲ್ಲ. ಮುಪ್ಪಿನಲ್ಲಿಯೂ ದೇಶದೇಶಗಳಿಗೆ ಹೋಗಿ ತಮ್ಮ ಚಿತ್ರಗಳನ್ನು ತೋರಿಸುತ್ತಿದ್ದರು. 1993ನೆಯ ಇಸವಿ ಮಾರ್ಚ್ 23ರಂದು, 82 ವರ್ಷದವರಾಗಿದ್ದಾಗ, ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಅಲ್ಲಿಗೆ ಸಮೀಪವಾದ ಬಿಸ್ಲಿ ಎಂಬ ಹಳ್ಳಿಯಲ್ಲಿ ಅವರ ದೇಹವನ್ನು ಸಮಾಧಿಮಾಡಿದ್ದಾರೆ.