ಚಪ್ಪಲಿ ಹೊಲಿದ ಬ್ಯಾರಿಸ್ಟರ್

ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಲ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರ ಬಗ್ಗೆ ಯಾರಾದರೂ ಬರದೇ ಬರೀತಾರ. ಅದಕ್ಕ ನಾನು ಈ ಸಲ ಮಹಾತ್ಮಾ ಗಾಂಧೀಜಿಯವರನ್ನು ತೊಗೊಂಡೀನಿ. ಉಪ್ಪಿನ ಸತ್ಯಾಗ್ರಹ ನಿಮಗೆಲ್ಲ ಗೊತ್ತೇ ಐತಿ. ಅದಕ್ಕಿಂತ ಮೊದಲು ಅವರು ದಕ್ಷಿಣ ಆಫ್ರಿಕಾದಲ್ಲಿ ದಿನಾ ಹೇಗೆ ಇದ್ದರು ಎಂಬುದನ್ನು ಬರೆಯುತ್ತೇನೆ.

ಗಾಂಧೀಜಿ 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದರೂ ಇಲ್ಲಿ ವಕೀಲಿ ನಡೆಯಲಿಲ್ಲ. 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಖಟ್ಲೆಗಾಗಿ ಒಂದು ವರ್ಷದ ಮಟ್ಟಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಹೋದವರು ನಡುವೆ ಊರಿಗೆ ಬಂದು ಹೋಗಿ ಮಾಡುತ್ತ 1914ರ ತನಕ ಅಲ್ಲೇ ಉಳಿದರು. ಒಂದು ವರ್ಷ ಅಂದದ್ದು 21 ವರ್ಷ ಆಯಿತು!

ಹೋದ ಹೊಸದರಲ್ಲೇ ಜೂನ್ 7ರ ರಾತ್ರಿ ಮೊದಲನೇ ದರ್ಜೆಯ ಟಿಕೀಟು ಇದ್ದರೂ ಅವರನ್ನು ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಿದರು. ಜೂನ್ ಅಂದರ ನಮಗ ಮಳೆಗಾಲ, ಅಲ್ಲಿ ಚಳಿಗಾಲ. ಅವರ ಕೋಟು ಸಾಮಾನಿನಲ್ಲಿ ಇತ್ತು, ಆ ಸಾಮಾನು ರೈಲಿನವರ ಹತ್ತಿರ ಇತ್ತು. ಕೇಳಿದರೆ ಮತ್ತೆ ಅವಮಾನ ಮಾಡಿಯಾರು ಅಂತ ಕೇಳದೆ ರಾತ್ರಿಯೆಲ್ಲ ನಡುಗುತ್ತ ಕೂತರು.

ಆಮೇಲೆ ಡರ್ಬನ್ನಿನಲ್ಲಿ ವಕೀಲಿ ಶುರು ಮಾಡಿದರು. ಅಗಸರ ಖರ್ಚು ಬಹಳ ಆಗುತ್ತದೆಂದು ಪುಸ್ತಕ ಓದಿ ತಾವೇ ಅರಿವೆ ಒಗೆಯಲು ಕಲಿತರು. ಮೊದಲ ಸಲ ಕಾಲರಿಗೆ ಗಂಜಿ ಹೆಚ್ಚಾಗಿ, ಇಸ್ತ್ರಿ ಸರಿಯಾಗಿ ಕಾಯದೆ, ಕೋರ್ಟಿನಲ್ಲಿ ಗಂಜಿಯ ಪುಡಿ ಉದುರಿತು. ಪ್ರಿಟೋರಿಯಾದಲ್ಲಿ ಒಬ್ಬ ಬಿಳಿ ಕ್ಷೌರಿಕ ಇವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಯಂತ್ರ ಕೊಂಡು ತಂದು ಕನ್ನಡಿ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂದಿನದು ಸುಮಾರಾಗಿ ಬಂತು, ಹಿಂದಿನದು ಕೆಟ್ಟು ಹೋಯಿತು. ಕೋರ್ಟಿನ ಗೆಳೆಯರು ಇಲಿ ಕಡಿದಾವೇನು ಅಂತ ನಕ್ಕರು. ಗಾಂಧೀಜಿಗೆ ಮಾತ್ರ ಆ ಕ್ಷೌರಿಕನ ಮೇಲೆ ಸಿಟ್ಟು ಬರಲಿಲ್ಲ. ಯಾಕಂದರ ನಮ್ಮ ದೇಶದಾಗೂ ಕೆಲವು ಜಾತಿಯವರಿಗೆ ಕ್ಷೌರ ಮಾಡ್ತಿರಲಿಲ್ಲ, ಅದು ಅವರಿಗೆ ನೆನಪಾಯಿತು.

ಇನ್ನು ಒಂದು ಸಂಗತಿ ಬರೆಯಲೇಬೇಕು. 1898ರ ಸುಮಾರಿಗೆ ಅವರ ಮನೆಯಲ್ಲಿ ಗುಮಾಸ್ತರು ಇರುತ್ತಿದ್ದರು. ರಾತ್ರಿಯ ಮೂತ್ರದ ಪಾತ್ರೆಗಳನ್ನು ಗಾಂಧೀಜಿ ಮತ್ತು ಕಸ್ತೂರಬಾ ತೊಳೆಯುತ್ತಿದ್ದರು. ಅಸ್ಪೃಶ್ಯರೆನ್ನುವ ಕುಟುಂಬದಲ್ಲಿ ಹುಟ್ಟಿದ ಒಬ್ಬ ಗುಮಾಸ್ತ ಹೊಸದಾಗಿ ಬಂದ. ಅವನ ಪಾತ್ರೆ ಹಿಡಿದು ಕಸ್ತೂರಬಾ ಅಳುತ್ತ ಮೆಟ್ಟಿಲು ಇಳಿದರು. ಗಾಂಧೀಜಿಗೆ ಅಳುವುದೂ ಬೇಡ, ನಗುತ್ತ ಮಾಡಬೇಕು! ಸಿಟ್ಟಿನಿಂದ ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋದರು. ಆ ದೇಶದಲ್ಲಿ ಆಕೆಗೆ ತಾಯಿ ಇಲ್ಲ, ತಂದೆ ಇಲ್ಲ, ಎಲ್ಲಿಗೆ ಹೋಗಬೇಕು? ಹಾಗೆ ಕೇಳಿದ ಮೇಲೆ ಗಾಂಧೀಜಿ ನಾಚಿಕೊಂಡರು. ಮುಂದೆ ತಮ್ಮ ಆತ್ಮಕಥೆಯಲ್ಲಿ ತಾವೇ ಇದನ್ನು ಬರೆದಿದ್ದಾರೆ. ಆ ಗುಮಾಸ್ತನನ್ನು ಕೀಳು ಅಂತ ತಿಳಿಯಬಾರದಿತ್ತು, ಅದು ಖರೆ. ಆದರ ಎಳೆದದ್ದು ತಪ್ಪು ಅಂತ ನನಗ ಅನಸ್ತೈತಿ. ನಮ್ಮ ಅವ್ವಗ ಓದಿ ಹೇಳಿದೆ. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು, ಏನೂ ಅನ್ನಲಿಲ್ಲ.

1910ರಲ್ಲಿ ಕ್ಯಾಲೆನ್‌ಬಾಕ್ ಎಂಬ ಜರ್ಮನ್ ಗೆಳೆಯ ಕೊಟ್ಟ 1,100 ಎಕರೆಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಆಯಿತು. ಜೈಲಿಗೆ ಹೋದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳು ಅಲ್ಲಿ ಇರುತ್ತಿದ್ದರು. ಹಿಂದೂ, ಮುಸಲ್ಮಾನ, ಕ್ರೈಸ್ತ, ಪಾರ್ಸಿ ಎಲ್ಲರೂ ಇದ್ದರು. ಆಳುಗಳೇ ಇಲ್ಲ. ಪಾಯಖಾನೆಯ ಕೆಲಸವನ್ನೂ ಅವರೇ ಮಾಡಬೇಕು. ಗೋಧಿಯನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಯಂತ್ರದಲ್ಲಿ ಬೀಸಿ ರೊಟ್ಟಿ ಮಾಡುತ್ತಿದ್ದರು, ಗೋಧಿ ಹುರಿದು ಕಾಫಿ ಮಾಡುತ್ತಿದ್ದರು. ಜೋಹಾನ್ಸ್‌ಬರ್ಗ್ 21 ಮೈಲು ದೂರ. ಸ್ವಂತ ಕೆಲಸ ಇದ್ದರೆ ನಡೆದೇ ಹೋಗಬೇಕು. 21 ಮೈಲು ಅಂದರ ಸುಮಾರು 34 ಕಿಲೋಮೀಟರ್, ಬೈಲಹೊಂಗಲದಿಂದ ಹೊಂಟರ ಕಿತ್ತೂರು ದಾಟಿ ಮುಂದ ಹೋಗಬೇಕು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ನಡಕೊಂಡು ಹೋದವರಿಗೆ ಇದರ ಕಷ್ಟ ತಿಳೀತೈತಿ. ಅವರು ರಾತ್ರಿ 2 ಗಂಟೆಗೆ ಎದ್ದು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಕ್ಯಾಲೆನ್‌ಬಾಕ್ ಒಂದು ಮಠದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಬೇರೆಯವರಿಗೂ ಕಲಿಸಿದರು.

1913ರಲ್ಲಿ ಅಲ್ಲಿಯ ಕೋರ್ಟು, ಕ್ರೈಸ್ತ ಪದ್ಧತಿಯಿಂದ ಆಗದ ಮದುವೆಗಳು ಮದುವೆಯೇ ಅಲ್ಲ ಎಂದಿತು. ಕೂಲಿಯ ಕರಾರು ಮುಗಿದವರ ಮೇಲೆ ವರ್ಷಕ್ಕೆ 3 ಪೌಂಡ್ ತೆರಿಗೆ ಬೇರೆ ಇತ್ತು. ಆಗ ಹೆಂಗಸರೂ ಸತ್ಯಾಗ್ರಹಕ್ಕೆ ಇಳಿದರು. ಕಸ್ತೂರಬಾಗೆ 3 ತಿಂಗಳ ಕಠಿಣ ಶಿಕ್ಷೆಯಾಯಿತು. ಗಂಡನನ್ನು ರೈಲಿನಿಂದ ಇಳಿಸಿದ ಊರಿನ ಜೈಲಿನಲ್ಲೇ ಆಕೆಯನ್ನು ಇಟ್ಟರು. ವಳ್ಳಿಯಮ್ಮ ಎಂಬ 16 ವರ್ಷದ ತಮಿಳು ಹುಡುಗಿ ಜೈಲಿನಿಂದ ಜ್ವರ ಹಿಡಿದು ಬಂದು 1914ರ ಫೆಬ್ರವರಿ 22ರಂದು ತೀರಿಹೋದಳು. ನನಗಿಂತ ಮೂರೇ ವರ್ಷ ದೊಡ್ಡವಳು.

ಅದೇ ವರ್ಷ ತೆರಿಗೆ ಹೋಯಿತು, ಮದುವೆಗಳಿಗೆ ಮಾನ್ಯತೆ ಬಂತು. ಜುಲೈಯಲ್ಲಿ ಗಾಂಧೀಜಿ ಆ ದೇಶ ಬಿಟ್ಟರು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ತಾವು ಮಾಡಿದ ಒಂದು ಜೋಡು ಚಪ್ಪಲಿ ಕೊಟ್ಟರು. ಸ್ಮಟ್ಸ್ ಅವನ್ನು ಎಷ್ಟೋ ಬೇಸಿಗೆ ಮೆಟ್ಟಿ, 1939ರಲ್ಲಿ ಗಾಂಧೀಜಿಯ 70ನೇ ಹುಟ್ಟುಹಬ್ಬಕ್ಕೆ ವಾಪಸು ಕಳಿಸಿದರು.

ಮುಂದೆ ಗಾಂಧೀಜಿ 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ನಮ್ಮ ಕಡೆ ಬಂದರು. 1937ರಲ್ಲಿ ಹುದಲಿಗೂ ಬಂದಿದ್ದರು. 1948ರ ಜನವರಿ 30ರಂದು ದಿಲ್ಲಿಯಲ್ಲಿ ಗುಂಡಿಗೆ ಬಲಿಯಾದರು. ಕಸ್ತೂರಬಾ ಅದಕ್ಕೂ ಮೊದಲೇ, 1944ರಲ್ಲಿ ಪುಣೆಯಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಆವತ್ತೂ ಫೆಬ್ರವರಿ 22, ವಳ್ಳಿಯಮ್ಮ ಹೋದ ದಿನ.