ಬೆಳ್ಳೂರಿನ ಸುಂದರರಾಜ

ಕೋರಮಂಡಲದಲ್ಲಿ ನಮ್ಮ ಮನೆಯ ಹಿಂಬದಿಗೆ ನಿಂತರೆ ಕಣ್ಣಿಗೆ ಬೀಳುವುದು ಸಯನೈಡ್ ಮಣ್ಣಿನ ದಿಬ್ಬ. ಚಿನ್ನವನ್ನು ಬಸಿದುಕೊಂಡ ಮೇಲೆ ಉಳಿದ ಮಣ್ಣು ಅದು. ಬೇಸಗೆಯ ಗಾಳಿ ಎದ್ದರೆ ಒಗೆದು ಹರವಿದ ಬಟ್ಟೆಯ ಮೇಲೂ ಬಡಿಸಿದ ಅನ್ನದ ಮೇಲೂ ಬಂದು ಕೂರುತ್ತದೆ. 2001ರ ಫೆಬ್ರವರಿಯ ಕೊನೆಗೆ ಗಣಿ ಮುಚ್ಚಿದಾಗ ನನ್ನ ಅಣ್ಣನ ಕೆಲಸ ಹೋಯಿತು. ಊರಿನ ಎಷ್ಟೋ ಮಂದಿ ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಅಣ್ಣ ಹೊರಡಲಿಲ್ಲ. ಕುರ್ಚಿಯೊಂದನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕುಳಿತುಬಿಟ್ಟ. ಊಟಕ್ಕೆ ಕರೆದರೆ ಬರುವನು, ಕರೆಯದಿದ್ದರೆ ಇಲ್ಲ. ವೈದ್ಯರು ಇದು ಖಿನ್ನತೆಯೆಂದು ಹೇಳಿ ಗುಳಿಗೆ ಬರೆದುಕೊಟ್ಟರು; ಜೊತೆಗೆ ಯೋಗಾಸನವನ್ನು ಮಾಡಿದರೆ ಒಳ್ಳೆಯದೆಂದೂ ಸೂಚಿಸಿದರು. ನಾನು ಶಾಲೆಯ ಮೇಷ್ಟರು. ನಾಲ್ಕು ಪುಸ್ತಕ ಓದಿದವನೆಂಬ ಹಮ್ಮು ಬೇರೆ. ಬಿ. ಕೆ. ಎಸ್. ಅಯ್ಯಂಗಾರ್ಯರ ಗ್ರಂಥವನ್ನು ಅರ್ಧ ತಿರುವಿಹಾಕಿ, ಗುಳಿಗೆ ಬೇಡ, ಆಸನವೇ ಸಾಕು ಎಂದು ಅಣ್ಣನಿಗೆ ಬೋಧಿಸಿದೆ. ಅವನು ನನ್ನ ಮಾತನ್ನು ನಂಬಿದ. ಮೂರು ತಿಂಗಳೊಳಗೆ ಅವನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಅಯ್ಯಂಗಾರ್ಯರ ಜೀವನವನ್ನು ಪೂರ್ತಿಯಾಗಿ ತಿಳಿಯಲು ನಾನು ಹೊರಟುದು ಆಮೇಲೆ.

ಅವರು ನಮ್ಮ ಕೋಲಾರ ಜಿಲ್ಲೆಯವರೇ. ನರಸಾಪುರದ ಹತ್ತಿರದ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿದರು. ಅದು ಇನ್‌ಫ್ಲುಯೆಂಜಾ ಮಾರಿ ದೇಶವನ್ನೆಲ್ಲ ಗುಡಿಸುತ್ತಿದ್ದ ವರ್ಷ. ತಾಯಿ ಶೇಷಮ್ಮನವರು ಆ ಜ್ವರದಲ್ಲಿ ನರಳುತ್ತಿರುವಾಗಲೇ ಹೆರಿಗೆಯಾಯಿತು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯ ಕೂಸು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ, ದೇಹಕ್ಕೆ ಮೀರಿದ ತಲೆ. ತಂದೆ ಕೃಷ್ಣಮಾಚಾರ್ಯರು ಬಡ ಉಪಾಧ್ಯಾಯರು. ಹುಡುಗನಿಗೆ ಐದು ವರ್ಷವಾದಾಗ ಸಂಸಾರ ಬೆಂಗಳೂರು ಸೇರಿತು. ಒಂಬತ್ತಾದಾಗ ತಂದೆ ತೀರಿಕೊಂಡರು. ಅಲ್ಲಿಂದ ಮುಂದೆ ಅಣ್ಣಂದಿರ ಮನೆಗಳಲ್ಲಿ ಬೆಳೆದ ಬಾಲ್ಯ. ಮಲೇರಿಯಾ, ಟೈಫಾಯಿಡ್, ಕ್ಷಯ ಒಂದರ ಹಿಂದೊಂದು ಬಂದು ಆ ಶರೀರವನ್ನು ಹಿಂಡಿದವು.

ಈ ಭಾಗವನ್ನು ಅವರ ಚರಿತ್ರೆಯನ್ನು ಹೇಳುವವರೆಲ್ಲರೂ ಹೇಳುತ್ತಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಸಂಗತಿ. 2005ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ, ಮುಪ್ಪಿನ ದೂರದಿಂದ ಹಿಂದಿರುಗಿ ನೋಡುತ್ತ, ಆ ದಿನಗಳಲ್ಲಿ ದೇಹದಷ್ಟೇ ಮನಸ್ಸೂ ರೋಗಗ್ರಸ್ತವಾಗಿತ್ತೆಂದು ಅವರು ಒಪ್ಪಿಕೊಂಡಿದ್ದಾರೆ. ಗಾಢವಾದ ವಿಷಾದ ಆಗಾಗ ಕವಿಯುತ್ತಿದ್ದಿತು. ಬದುಕುವ ಶ್ರಮಕ್ಕೆ ತಕ್ಕ ಬೆಲೆ ಈ ಬದುಕಿಗೆ ಇದೆಯೇ ಎಂಬ ಪ್ರಶ್ನೆ ಎಳೆಯ ಹುಡುಗನನ್ನು ಕಾಡಿದ್ದಿತು. ಸಿಂಹದಂಥ ಹುಬ್ಬು, ಗುಡುಗಿನಂಥ ದನಿ ಎಂದು ಲೋಕ ಬಲ್ಲ ಅಯ್ಯಂಗಾರ್ಯರು ಇವರೇ. ಗೋಡೆ ನೋಡುತ್ತ ಕೂರುವುದು ಏನೆಂಬುದು ಅವರಿಗೆ ಗೊತ್ತಿದ್ದಿತು.

1934ರಲ್ಲಿ ಅಕ್ಕ ನಾಮಗಿರಿಯ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದ ವಿದ್ವಾಂಸರು ಅವರು; ವಿದ್ಯೆಯಲ್ಲಿ ಸಮುದ್ರ, ಕೋಪದಲ್ಲಿಯೂ ಅಷ್ಟೆ. ಈ ಮೈಗೆ ಯೋಗ ಒಗ್ಗದು ಎಂದು ಅವರು ಮೊದಲು ಭಾವಿಸಿದ್ದರೆ ತಪ್ಪೆನ್ನಲಾಗದು. ಬಗ್ಗಿದರೆ ಹುಡುಗನ ಬೆರಳು ಮೊಣಕಾಲನ್ನು ಮುಟ್ಟಿದರೆ ಹೆಚ್ಚು. ನೆಚ್ಚಿನ ಶಿಷ್ಯನೊಬ್ಬ ಹೇಳದೆ ಕೇಳದೆ ಓಡಿಹೋದ ಮೇಲೆಯೇ ಈತನ ಸರದಿ ಬಂದುದು. ಪ್ರದರ್ಶನವೊಂದರಲ್ಲಿ ಗುರುವಿನ ಅಪ್ಪಣೆಗೆ ಅಂಜಿ ಹನುಮಾನಾಸನಕ್ಕೆ ಕಾಲು ಚಾಚಿ, ತೊಡೆಯ ಸ್ನಾಯು ಹರಿದು ಬಹುಕಾಲ ನೋವು ತಿಂದರು. ಇದನ್ನು ಗುರುಭಕ್ತಿಯೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ಹೊಗಳಲು ಮನಸ್ಸು ಬಾರದು. ತಮ್ಮ ಶಿಷ್ಯರ ನೋವನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸುವ ಕಣ್ಣು ಅವರಿಗೆ ಬಂದುದು ಆ ನೋವಿನಿಂದಲೇ ಇರಬಹುದು. ಆರೋಗ್ಯ ಕೂಡಿಬಂದುದು ಒಂದೆರಡು ತಿಂಗಳಲ್ಲಲ್ಲ; ವರ್ಷಗಳೇ ಹಿಡಿದವು. ಮೆಟ್ರಿಕ್ಯುಲೇಷನ್ನಿನಲ್ಲಿ ಇಂಗ್ಲಿಷ್ ವಿಷಯವೇ ಕೈಕೊಟ್ಟು ಓದು ಅಲ್ಲಿಗೆ ನಿಂತಿತು. ಮುಂದೆ ಜಗತ್ತನ್ನೆಲ್ಲ ಸುತ್ತಿದ ಅವರ ಗ್ರಂಥ ಇಂಗ್ಲಿಷಿನಲ್ಲಿಯೇ ರಚಿತವಾಯಿತೆಂಬುದನ್ನು ನಪಾಸಾದ ಹುಡುಗರಿಗೆ ನಾನು ತಪ್ಪದೆ ಹೇಳುತ್ತಿದ್ದೆ.

1936ರಲ್ಲಿ ಗುರುವಿನೊಡನೆ ಹುಬ್ಬಳ್ಳಿ ಧಾರವಾಡಗಳ ಕಡೆ ಸಂಚಾರ ಹೊರಟಾಗ ಅಲ್ಲಿನ ಹೆಂಗಸರು ಯೋಗ ಕಲಿಯಲು ಬಯಸಿದರು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕೆ ಸುಂದರರಾಜನೇ ಕಲಿಸಲು ನಿಯುಕ್ತನಾದ. ಆ ಕಾಲದ ಮತ್ತೊಂದು ಪರಿಚಯ, ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಮುಖ್ಯ ಘಟನೆ. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾಕ್ಟರ್ ವಿ. ಬಿ. ಗೋಖಲೆಯವರು ಈ ತರುಣನನ್ನು ಕಂಡು ಮೆಚ್ಚಿದರು. 1937ರಲ್ಲಿ ಆರು ತಿಂಗಳ ಮಟ್ಟಿಗೆ ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಅವರು ಬರುವಂತಾದುದು ಈ ಡಾಕ್ಟರರ ಆಸಕ್ತಿಯಿಂದ. ಸಭೆಗಳಲ್ಲಿ ಡಾಕ್ಟರರು ಶರೀರವನ್ನು ವಿವರಿಸುವರು. ಅಯ್ಯಂಗಾರ್ಯರು ಆಸನವನ್ನು ಮಾಡಿ ತೋರಿಸುವರು. ಮೂಳೆ, ಸ್ನಾಯು, ನರಗಳ ಪಾಠವನ್ನು ಅವರು ಕಲಿತುದು ಹೀಗೆ. ವೈದ್ಯನೊಬ್ಬ ಮಗ್ಗುಲಲ್ಲಿ ನಿಂತಿರುವಾಗಲೇ ಅವರ ಅಧ್ಯಾಪನ ಬೇರೂರಿತು. ನಾನು ಅರ್ಧ ಓದಿ ಬಿಟ್ಟಾಗ ಕಳೆದುಕೊಂಡುದು ಇದನ್ನೇ.

ಪುಣೆಯ ಮೊದಲ ವರ್ಷಗಳು ಹಸಿವಿನ ವರ್ಷಗಳು. ಭಾಷೆ ಬಾರದು, ಬಂಧುಗಳಿಲ್ಲ, ಕಲಿಯಲು ಬಂದವರೋ ತಮಗಿಂತ ಹಿರಿಯರು, ಗಟ್ಟಿಮುಟ್ಟಾದವರು. ದಿನಕ್ಕೆ ಎಷ್ಟೋ ಗಂಟೆ ಒಬ್ಬರೇ ಅಭ್ಯಾಸ ಮಾಡುತ್ತ, ಬೀದಿಯಲ್ಲಿ ಸಿಕ್ಕ ಕಲ್ಲುಗಳನ್ನು ತಂದು ಆಸರೆಗೆ ಇಟ್ಟುಕೊಂಡು ಮೈಯನ್ನು ಪರೀಕ್ಷಿಸಿದರು. ಮರದ ಇಟ್ಟಿಗೆ, ಪಟ್ಟಿ, ಹಗ್ಗ, ದಿಂಬು, ಕುರ್ಚಿ ಇವೆಲ್ಲ ಅವರ ಶಾಲೆಯ ಉಪಕರಣಗಳಾದುದು ಆ ಹುಡುಕಾಟದ ಮುಂದುವರಿಕೆಯಾಗಿಯೇ. 1943ರಲ್ಲಿ ರಮಾಮಣಿಯವರನ್ನು ಮದುವೆಯಾದರು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಮುಂಬಯಿಯಲ್ಲಿ ಭೇಟಿಯಾಗಿ ಶಿಷ್ಯರಾದುದು, ಬೆಲ್ಜಿಯಂನ ವೃದ್ಧ ರಾಣಿ ಎಲಿಜಬೆತ್ ಶೀರ್ಷಾಸನ ಕಲಿತುದು, 1966ರಲ್ಲಿ ಇನ್ನೂರು ಆಸನಗಳ ಆ ದೊಡ್ಡ ಗ್ರಂಥ ಪ್ರಕಟವಾದುದು ವಾಚಕರಿಗೆ ತಿಳಿದ ವಿಷಯ, ವಿಸ್ತರಿಸಲಾರೆ.

1973ರ ಜನವರಿಯಲ್ಲಿ ಪುಣೆಯ ಯೋಗಮಂದಿರಕ್ಕೆ ಭೂಮಿಪೂಜೆಯಾಯಿತು. ಮೂರೇ ದಿನದಲ್ಲಿ ರಮಾಮಣಿಯವರು ತೀರಿಕೊಂಡರು. ಎರಡು ವರ್ಷಗಳ ಅನಂತರ ಕಟ್ಟಡ ಎದ್ದಾಗ ಅದು ಅವರ ಹೆಸರನ್ನೇ ಹೊತ್ತಿತು. 1979ರಲ್ಲಿ ಸ್ಕೂಟರಿನ ಎರಡು ಅಪಘಾತಗಳು ಭುಜ, ಬೆನ್ನು, ಮೊಣಕಾಲುಗಳನ್ನು ಜಖಂ ಮಾಡಿದವು. ಅರವತ್ತು ದಾಟಿದ ಮನುಷ್ಯ ಮೊದಲ ಪಾಠದಿಂದ ಮತ್ತೆ ಆರಂಭಿಸಬೇಕಾಯಿತು. ಆರಂಭಿಸಿದರು.

ಮನಸ್ಸು ಕುಗ್ಗಿದವರಿಗೆ ಅವರ ಪರಂಪರೆಯಲ್ಲಿ ಹೇಳಿಕೊಡುವ ಕ್ರಮ ಗಮನಿಸಬೇಕಾದುದು. ಕುಗ್ಗಿದವನ ಭುಜ ಮುಂದಕ್ಕೆ ಬಾಗಿರುತ್ತದೆ, ಎದೆ ಒಳಸೇರಿರುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ. ಅಂಥವನಿಗೆ ಧೈರ್ಯ ಹೇಳಿದರೆ ಕಿವಿಗೆ ಹೋಗದು. ಆದುದರಿಂದ ದಿಂಬು ಕುರ್ಚಿಗಳ ಆಸರೆ ಕೊಟ್ಟು ಎದೆಯನ್ನು ತೆರೆಯಿಸುತ್ತಾರೆ. ಶ್ರಮವಿಲ್ಲದೆ ಹಿಂದಕ್ಕೆ ಬಾಗುವ ಭಂಗಿ, ಸೇತುಬಂಧ, ಸರ್ವಾಂಗಾಸನಗಳನ್ನು ಮಾಡಿಸುತ್ತಾರೆ. ಕಣ್ಣು ಮುಚ್ಚಿಸಿ ಬಹಳ ಹೊತ್ತು ಶವಾಸನದಲ್ಲಿ ಮಲಗಿಸುವುದಿಲ್ಲ. ಒಳಗಿನ ಕತ್ತಲೆಗೆ ಅದು ಇನ್ನಷ್ಟು ಕತ್ತಲೆ ಸೇರಿಸೀತೆಂಬ ಎಚ್ಚರ. ನಾನು ಅಣ್ಣನಿಗೆ ದಿನವೂ ಮಾಡಿಸಿದುದು ಅರ್ಧಗಂಟೆಯ ಶವಾಸನವನ್ನೇ.

ವಿಜ್ಞಾನಿಗಳು ಇದನ್ನು ಅಳೆಯಲು ಯತ್ನಿಸಿದ್ದಾರೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ವಲ್ಪಮಟ್ಟಿನ ಖಿನ್ನತೆಯಿದ್ದ 28 ತರುಣ ತರುಣಿಯರಲ್ಲಿ ಕೆಲವರಿಗೆ ಐದು ವಾರ ಅಯ್ಯಂಗಾರ್ ಪದ್ಧತಿಯ ಪಾಠವಾಯಿತು. ಕಲಿತವರಲ್ಲಿ ಖಿನ್ನತೆ ಇಳಿಯಿತು. 2017ರಲ್ಲಿ ಬಾಸ್ಟನ್ನಿನ ವೈದ್ಯರು 30 ಮಂದಿಗೆ ಹನ್ನೆರಡು ವಾರ ಆಸನವನ್ನೂ ನಿಧಾನವಾದ ಉಸಿರಾಟವನ್ನೂ ಕಲಿಸಿ ಗುಣ ಕಂಡರು. ಎರಡೂ ಚಿಕ್ಕ ಪ್ರಯೋಗಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೇರೊಂದು ಉಸಿರಾಟದ ಪದ್ಧತಿಯಾದ ಸುದರ್ಶನ ಕ್ರಿಯೆಯ ಪರೀಕ್ಷೆ ನಡೆದು 2000ದಲ್ಲಿ ಪ್ರಕಟವಾಯಿತು. ತೀವ್ರ ವಿಷಾದದಿಂದ ಆಸ್ಪತ್ರೆ ಸೇರಿದ್ದ 45 ರೋಗಿಗಳಲ್ಲಿ ಕ್ರಿಯೆಯ ಫಲ ಇಮಿಪ್ರಮೀನ್ ಗುಳಿಗೆಯ ಫಲಕ್ಕೆ ಹತ್ತಿರವಾಗಿದ್ದಿತು. ಆದರೆ ವಿದ್ಯುತ್ ಚಿಕಿತ್ಸೆ ಎರಡನ್ನೂ ಮೀರಿಸಿತು. ಯೋಗವನ್ನು ಮೆಚ್ಚುವವರು ಮೊದಲಿನ ಅರ್ಧವನ್ನು ಹೇಳಿ ಕೊನೆಯದನ್ನು ನುಂಗುತ್ತಾರೆ. ಹಾಗೆ ನುಂಗಿದವರಲ್ಲಿ ನಾನೂ ಒಬ್ಬ.

ಅಣ್ಣನನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ದೆ. ನಡೆದುದನ್ನು ಮುಚ್ಚಿಡದೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಹಗುರವಾಗುತ್ತಿದ್ದಿತು. ಗುಳಿಗೆ ಮತ್ತೆ ಮೊದಲಾಯಿತು. ಆಸನವನ್ನು ಬಲ್ಲವರಿಂದ ಕಲಿತ. ಆ ಕುರ್ಚಿಯನ್ನೇ ಗೋಡೆಯಿಂದ ಈಚೆಗೆ ಎಳೆದು, ಅದರ ಮೇಲೆ ಬೆನ್ನು ಚಾಚಿ, ಎದೆಯನ್ನು ಮೇಲೆ ಮಾಡಿ ಬೆಳಗ್ಗೆ ಹತ್ತು ನಿಮಿಷ ಇರುತ್ತಿದ್ದ. ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಈಗಲೂ ಕೆಲವು ದಿನ ಅವನು ಮಾತನಾಡುವುದಿಲ್ಲ.

ಅಯ್ಯಂಗಾರ್ಯರು 2014ರ ಆಗಸ್ಟ್ 20ರಂದು ಪುಣೆಯಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮವಿಭೂಷಣ ಬಂದಿದ್ದಿತು. ಹುಟ್ಟಿದ ಊರನ್ನು ಅವರು ಮರೆತಿರಲಿಲ್ಲ. ತಂದೆತಾಯಿಗಳ ಹೆಸರಿನ ನಿಧಿಯಿಂದ ಬೆಳ್ಳೂರಿನಲ್ಲಿ ಶಾಲೆ, ಆಸ್ಪತ್ರೆ, ಪತಂಜಲಿಯ ದೇವಾಲಯಗಳು ಎದ್ದಿವೆ. ಅವರು ಹೋದ ಮರುವರ್ಷ ಅಣ್ಣನೂ ನಾನೂ ಅಲ್ಲಿಗೆ ಹೋಗಿದ್ದೆವು. ಯೋಗದವರು ಆಸ್ಪತ್ರೆಯನ್ನೂ ಕಟ್ಟಿಸಿದ್ದಾರಲ್ಲ ಎಂದು ಅಣ್ಣ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ದೇವಾಲಯದ ಜಗುಲಿಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು, ಬಿಸಿಲು ಇಳಿದ ಮೇಲೆ ಕೋಲಾರದ ಬಸ್ಸು ಹಿಡಿದೆವು.