ಕಾನ್‌ಸ್ಟಾಂಟೈನ್: ಧರ್ಮವನ್ನೂ ಅಧಿಕಾರವನ್ನೂ ಬೆಸೆದ ಚಕ್ರವರ್ತಿ

1453ರಲ್ಲಿ ಸುಲ್ತಾನ್ ಎರಡನೇ ಮೆಹಮದ್ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದ ವಿಷಯವನ್ನು ನಾವೆಲ್ಲ ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಇಂದು ಇಸ್ತಾಂಬುಲ್ ಎನಿಸಿರುವ ಆ ನಗರಕ್ಕೆ ಆ ಹೆಸರು ಬಂದದ್ದು ಅದಕ್ಕಿಂತ ಹನ್ನೊಂದು ಶತಮಾನಗಳ ಹಿಂದಿನ ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೈನ್‌ನಿಂದ.

ಆತ ಸುಮಾರು ಕ್ರಿ.ಶ. 272ರಲ್ಲಿ ಇಂದಿನ ಸರ್ಬಿಯಾದ ನಿಶ್ ಪಟ್ಟಣದಲ್ಲಿ ಜನಿಸಿದ. ತಂದೆ ಕಾನ್‌ಸ್ಟಾಂಟಿಯಸ್ ಸೇನಾಧಿಕಾರಿ. ತಾಯಿ ಹೆಲೆನಾ ಸಾಮಾನ್ಯ ಕುಟುಂಬದವಳು. ಯೌವನವನ್ನು ಆತ ಚಕ್ರವರ್ತಿ ಡಯೊಕ್ಲೀಷಿಯನ್‌ನ ಆಸ್ಥಾನದಲ್ಲಿ ಕಳೆದ. 303ರಲ್ಲಿ ಇದೇ ಚಕ್ರವರ್ತಿ ಕ್ರೈಸ್ತರ ಚರ್ಚುಗಳನ್ನು ಕೆಡವಲು, ಧರ್ಮಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಅನೇಕರು ಪ್ರಾಣ ಕಳೆದುಕೊಂಡರು.

306ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ತಂದೆ ತೀರಿಕೊಂಡಾಗ ಸೈನಿಕರು ಕಾನ್‌ಸ್ಟಾಂಟೈನ್‌ನನ್ನು ಚಕ್ರವರ್ತಿಯೆಂದು ಘೋಷಿಸಿದರು. 312ರ ಅಕ್ಟೋಬರ್ 28ರಂದು ರೋಮ್ ಬಳಿಯ ಮಿಲ್ವಿಯನ್ ಸೇತುವೆಯ ಕಾಳಗದಲ್ಲಿ ಆತ ಎದುರಾಳಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ. ಈ ಗೆಲುವು ಕ್ರೈಸ್ತರ ದೇವರ ಕೃಪೆಯೆಂದು ಆತ ನಂಬಿದ.

ಮರುವರ್ಷ ಮಿಲಾನ್‌ನಲ್ಲಿ ಆತನೂ ಪೂರ್ವಭಾಗದ ಚಕ್ರವರ್ತಿ ಲಿಸಿನಿಯಸ್‌ನೂ ಒಂದು ಒಪ್ಪಂದಕ್ಕೆ ಬಂದರು. ಅದರಂತೆ ಕ್ರೈಸ್ತರಿಗೆ ಮಾತ್ರವಲ್ಲ, ಸಾಮ್ರಾಜ್ಯದ ಎಲ್ಲರಿಗೂ ತಮ್ಮ ತಮ್ಮ ಧರ್ಮವನ್ನು ಪಾಲಿಸುವ ಸ್ವಾತಂತ್ರ್ಯ ದೊರೆಯಿತು. ಕ್ರೈಸ್ತರಿಂದ ಕಿತ್ತುಕೊಂಡಿದ್ದ ಸ್ಥಳಗಳನ್ನು ಹಿಂದಿರುಗಿಸಲಾಯಿತು. 321ರಲ್ಲಿ ಭಾನುವಾರ ರಜೆಯ ದಿನವಾಯಿತು. ರೈತರಿಗೆ ಮಾತ್ರ ಹೊಲದ ಕೆಲಸ ಮಾಡಲು ಅನುಮತಿಯಿತ್ತು. ರೋಮ್ ಮತ್ತು ಜೆರುಸಲೇಮ್‌ನಲ್ಲಿ ದೊಡ್ಡ ಚರ್ಚುಗಳು ಎದ್ದವು.

324ರಲ್ಲಿ ಲಿಸಿನಿಯಸ್‌ನನ್ನೂ ಸೋಲಿಸಿ ಕಾನ್‌ಸ್ಟಾಂಟೈನ್ ಏಕಚಕ್ರಾಧಿಪತಿಯಾದ. ಆ ವೇಳೆಗೆ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್, ದೇವಪುತ್ರನು ತಂದೆಗೆ ಸಮಾನನಲ್ಲ, ಆತನಿಂದ ಸೃಷ್ಟಿಯಾದವನು ಎಂದು ಬೋಧಿಸಿದ್ದರಿಂದ ಚರ್ಚಿನಲ್ಲಿ ದೊಡ್ಡ ವಿವಾದ ಎದ್ದಿತ್ತು. 325ರಲ್ಲಿ ಚಕ್ರವರ್ತಿಯೇ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದ. ಆಗ ಆತ ಇನ್ನೂ ದೀಕ್ಷಾಸ್ನಾನ ಪಡೆದಿರಲಿಲ್ಲ. ಸಭೆ ಏರಿಯಸ್‌ನ ಬೋಧನೆಯನ್ನು ತಿರಸ್ಕರಿಸಿತು. ಚಕ್ರವರ್ತಿ ಅವನನ್ನು ಗಡೀಪಾರು ಮಾಡಿದ. ಕೆಲವೇ ವರ್ಷಗಳಲ್ಲಿ ಅದೇ ಚಕ್ರವರ್ತಿ ಏರಿಯಸ್‌ನನ್ನು ಹಿಂದಕ್ಕೆ ಕರೆಸಿ, 335ರಲ್ಲಿ ಅವನ ವಿರೋಧಿ ಅಥನೇಷಿಯಸ್‌ನನ್ನು ಗಡೀಪಾರು ಮಾಡಿದ. ಹಿಂಸೆಯಿಂದ ಪಾರಾಗಿದ್ದ ಧರ್ಮ ಈಗ ಅರಮನೆಯ ಮರ್ಜಿಗೆ ಒಳಗಾಯಿತು.

ಆತನ ಬದುಕಿನಲ್ಲಿ ಕಪ್ಪು ಪುಟಗಳೂ ಇವೆ. 326ರಲ್ಲಿ ಸ್ವಂತ ಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ. ಪ್ರಾಣಭಿಕ್ಷೆ ಕೊಟ್ಟಿದ್ದ ಲಿಸಿನಿಯಸ್‌ನನ್ನೂ ಉಳಿಸಲಿಲ್ಲ.

330ರಲ್ಲಿ ಬೈಜಾಂಟಿಯಂ ಎಂಬ ಹಳೆಯ ಪಟ್ಟಣ ಆತನ ಹೊಸ ರಾಜಧಾನಿಯಾಯಿತು. 337ರ ಮೇ 22ರಂದು ಆತ ತೀರಿಕೊಂಡ. ದೀಕ್ಷಾಸ್ನಾನ ಪಡೆದದ್ದು ಅದಕ್ಕೆ ಸ್ವಲ್ಪವೇ ಮೊದಲು.

ಕ್ರೈಸ್ತ ಧರ್ಮವನ್ನು ರೋಮ್‌ನ ರಾಜಧರ್ಮ ಮಾಡಿದವನು ಕಾನ್‌ಸ್ಟಾಂಟೈನ್ ಎಂದು ಹಲವರು ಬರೆಯುತ್ತಾರೆ. ಅದು ತಪ್ಪು. 380ರಲ್ಲಿ ಹಾಗೆ ಮಾಡಿದವನು ಥಿಯೊಡೋಸಿಯಸ್. ಮುಂದೆ ಇದೇ ಚಕ್ರವರ್ತಿ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದ. ಒಂದು ಕಾಲಕ್ಕೆ ಕ್ರೈಸ್ತರು ಅನುಭವಿಸಿದ್ದ ನಿರ್ಬಂಧ ಈಗ ಇತರರ ಪಾಲಾಯಿತು.

ಕಾನ್‌ಸ್ಟಾಂಟೈನ್‌ನ ಹೆಸರಿನ ಪ್ರಭಾವ ಎಷ್ಟಿತ್ತೆಂದರೆ, ಆತ ಪಶ್ಚಿಮದ ಅಧಿಕಾರವನ್ನು ಪೋಪ್‌ಗೆ ದಾನ ಕೊಟ್ಟನೆಂಬ ನಕಲಿ ಪತ್ರವೊಂದು ಎಂಟನೇ ಶತಮಾನದ ಹೊತ್ತಿಗೆ ಹುಟ್ಟಿಕೊಂಡಿತು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ವಿದ್ವಾಂಸ ಅದರ ಲ್ಯಾಟಿನ್ ಭಾಷೆಯನ್ನು ಪರೀಕ್ಷಿಸಿ ಅದು ನಕಲಿಯೆಂದು ತೋರಿಸಿದ.

ಕಾನ್‌ಸ್ಟಾಂಟೈನ್‌ನ ಕೆಲಸಗಳಲ್ಲಿ ಇಂದಿಗೂ ನೆನೆಯಬೇಕಾದದ್ದು 313ರ ಒಪ್ಪಂದ. ಅದು ಒಂದು ಧರ್ಮಕ್ಕೆ ತೋರಿದ ಕೃಪೆಯಾಗಿರಲಿಲ್ಲ, ಎಲ್ಲರಿಗೂ ಕೊಟ್ಟ ಹಕ್ಕಾಗಿತ್ತು. ಅರಸನ ಕೃಪೆಯನ್ನು ನಂಬಿದವರು ಅರಸನ ಮನಸ್ಸು ಬದಲಾದಾಗ ಗಡೀಪಾರಾದರು ಎಂಬುದನ್ನು ನೈಸಿಯಾದ ನಂತರದ ಹತ್ತು ವರ್ಷಗಳು ತೋರಿಸಿಕೊಟ್ಟವು.